ಆಮೆ ಬರುವ ತಿಂಗಳಲ್ಲಿ ರಾತ್ರಿ ಕಡಲಿಗೆ ಹೋಗಬಾರದೇ?

ಪ್ರಶ್ನೆ: ರಾತ್ರಿ ಊಟ ಮುಗಿಸಿ ಮನೆಯವರೆಲ್ಲ ಕಡಲ ಬದಿಗೆ ಹೋಗಿ ಕುಳಿತು ಬರುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಈಗ ಆಮೆ ಮೊಟ್ಟೆಯಿಡುವ ಕಾಲ, ಕತ್ತಲಾದ ಮೇಲೆ ಬರಬೇಡಿ ಎನ್ನುತ್ತಾರೆ. ಕಡಲು ಎಲ್ಲರದ್ದಲ್ಲವೇ? ಆಮೆಗಾಗಿ ಊರವರು ಮನೆಯೊಳಗೇ ಕೂರಬೇಕೇ?

ಉತ್ತರ: ಬೇಡ. ಸುಮ್ಮನೆ ಕುಳಿತವರಿಂದ ಆಮೆಗೆ ಆಗುವ ತೊಂದರೆ ಕಡಿಮೆ. ದೊಡ್ಡ ತೊಂದರೆ ನಾವು ಜೊತೆಗೆ ಒಯ್ಯುವ ಬೆಳಕಿನದು.

ನಮ್ಮ ಕರಾವಳಿಗೆ ಬರುವುದು ಹೆಚ್ಚಾಗಿ ಆಲಿವ್ ರಿಡ್ಲೆ ಕಡಲಾಮೆ. ಒಡಿಶಾದ ಗಹಿರ್‌ಮಾಥಾ, ಋಷಿಕುಲ್ಯಾ ತೀರಗಳಲ್ಲಿ ಅವು ಲಕ್ಷಗಟ್ಟಲೆ ಒಟ್ಟಿಗೆ ದಡ ಹತ್ತುತ್ತವೆ. ಹೊನ್ನಾವರದ ಕಾಸರಕೋಡು, ಕುಂದಾಪುರದ ಕೋಡಿಯಂಥ ಕಡೆ ಹಾಗಲ್ಲ. ಇವತ್ತೊಂದು, ಇನ್ನೆಷ್ಟೋ ದಿನ ಬಿಟ್ಟು ಮತ್ತೊಂದು. ಆದ್ದರಿಂದಲೇ ಇಲ್ಲಿ ಒಂದೊಂದು ಗೂಡಿಗೂ ಬೆಲೆ.

ನಲವತ್ತು ಕಿಲೋ ಆಸುಪಾಸಿನ ತಾಯಿ ಆಮೆ ಅಲೆಯಿಂದ ಹೊರಬಂದು ತೆವಳತೊಡಗಿದಾಗ ಅದಕ್ಕೆ ಅಳುಕು ಹೆಚ್ಚು. ಆಗ ಟಾರ್ಚು ಬಿಟ್ಟರೆ, ಮಕ್ಕಳು ಕೂಗುತ್ತ ಓಡಿಬಂದರೆ, ಮೊಟ್ಟೆಯಿಡದೆ ನೀರಿಗೆ ಮರಳಿಬಿಡುತ್ತದೆ. ಯಾರ ಸದ್ದೂ ಇಲ್ಲದಿದ್ದರೆ ಉಬ್ಬರದ ಗೆರೆ ದಾಟಿ, ಹಿಂಗಾಲುಗಳಿಂದ ಮೊಳದಷ್ಟು ಆಳದ ಗುಂಡಿ ತೋಡಿ, ನೂರರಷ್ಟು ಮೊಟ್ಟೆಯಿಟ್ಟು ಮರಳು ಮುಚ್ಚುತ್ತದೆ. ಆಮೇಲೆ ಮೈಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಎತ್ತಿ ಕುಟ್ಟಿ ಆ ಜಾಗವನ್ನು ಗಟ್ಟಿ ಮಾಡುತ್ತದೆ. ಅದರ ಕಣ್ಣಿಂದ ನೀರು ಸುರಿಯುತ್ತಿರುತ್ತದೆ. ಅಳುವಲ್ಲ, ಮೈಯಲ್ಲಿ ಹೆಚ್ಚಾದ ಉಪ್ಪನ್ನು ಹೊರಹಾಕುವ ಬಗೆ. ಅಷ್ಟರಲ್ಲಿ ಒಂದು ಗಂಟೆ ಕಳೆದಿರುತ್ತದೆ.

ನಲವತ್ತೈದರಿಂದ ಅರವತ್ತು ದಿನಗಳ ನಂತರ, ಮರಳು ತಣಿದ ರಾತ್ರಿಯಲ್ಲಿ, ಹೆಬ್ಬೆರಳಿನಷ್ಟು ದೊಡ್ಡ ಮರಿಗಳು ಹೊರಗೆ ಬರುತ್ತವೆ. ಕಪ್ಪಗೆ ಕಾಣುವ ಗಾಳಿಮರದ ಸಾಲಿಗೆ ಬೆನ್ನು ಹಾಕಿ ತಿಳಿ ಬೆಳಕಿನ ಕಡೆ ಹೋಗಬೇಕು, ಅವಕ್ಕೆ ಗೊತ್ತಿರುವ ದಾರಿ ಇಷ್ಟೇ. ಆ ಬೆಳಕು ಎಂದಿನಿಂದಲೂ ಕಡಲ ಮೇಲಿನ ಬಾನಿನದಾಗಿತ್ತು. ಈಗ ಬೆನ್ನ ಹಿಂದೆ ಹೈಮಾಸ್ಟ್ ದೀಪವಿದೆ, ರೆಸಾರ್ಟಿನ ಅಂಗಳವಿದೆ, ಯಾರೋ ಹಾಕಿದ ಕ್ಯಾಂಪ್‌ಫೈರ್ ಇದೆ. ಮರಿಗಳು ಅತ್ತ ತಿರುಗುತ್ತವೆ. ಬೆಳಗಾದಾಗ ಮರಳಿನ ಮೇಲಿನ ಪುಟ್ಟ ಹೆಜ್ಜೆಸಾಲು ರಸ್ತೆಯ ಕಡೆ ಹೋಗಿರುತ್ತದೆ. ನಾಯಿ, ಕಾಗೆಗಳಿಂದ ಉಳಿದದ್ದು ಬಿಸಿಲಿಗೆ ಒಣಗುತ್ತದೆ.

ಹಾಗಾಗಿ ಸಂಜೆಗೇ ಜನರನ್ನು ಹೊರಗೆ ಕಳುಹಿಸಿ ದೀಪಗಳನ್ನು ಹಾಗೆಯೇ ಉರಿಯಬಿಟ್ಟರೆ ಆಮೆಗೆ ಸಿಕ್ಕಿದ್ದೇನು? ನನ್ನ ಸಿಟ್ಟು ಇದರ ಮೇಲೆಯೇ. ಗೂಡು ಎಲ್ಲಿದೆ ಎಂದು ಮೊದಲು ಹೇಳುವವರು ಬೆಳಗಿನ ಜಾವ ಬಲೆಗೆ ಇಳಿಯುವ ಮೀನುಗಾರರು; ಅವರನ್ನು ತೀರದಿಂದ ದೂರವಿಟ್ಟರೆ ನಷ್ಟ ಗೂಡಿಗೇ. ಮೊದಲು ಬದಲಾಗಬೇಕಾದದ್ದು ಕಡಲಿಗೆ ಮುಖ ಮಾಡಿದ ಬಿಳಿ ದೀಪಗಳು. ತಗ್ಗಿನಲ್ಲಿಟ್ಟು, ಮೇಲೆ ಮರೆ ಕಟ್ಟಿ, ನೆಲಕ್ಕಷ್ಟೇ ಬೀಳುವ ಕೆಂಪು ಛಾಯೆಯ ಬೆಳಕಾದರೆ ಮರಿಗಳು ದಾರಿ ತಪ್ಪುವುದು ಕಡಿಮೆ. ಡಿಸೆಂಬರಿನಿಂದ ಮಾರ್ಚಿನವರೆಗಾದರೂ ಪಂಚಾಯಿತಿಗಳು, ಹೋಟೆಲಿನವರು ಇಷ್ಟು ಮಾಡಬಹುದು.

ನಿಮ್ಮ ಪಾಲಿಗೆ ಬಂದರೆ, ಹೋಗಿ ಕೂರಿ. ಜನರು ಸೇರುವ ಕಡೆಯೇ ಕೂರಿ, ಗಾಳಿಮರದ ಆಚೆ ನಿರ್ಜನವಾದ ಮರಳಿನ ಕಡೆ ನಡೆಯಬೇಡಿ. ಮೊಬೈಲಿನ ಟಾರ್ಚು ಬೇಡ. ಕಣ್ಣು ಹೊಂದಿಕೊಂಡರೆ ಬೆಳದಿಂಗಳು ಸಾಕು. ಮಕ್ಕಳು ತೋಡಿದ ಗುಂಡಿ ಮುಚ್ಚಿ ಬನ್ನಿ, ಮರಿ ಬಿದ್ದರೆ ಹತ್ತಲಾರದು. ತಿಂದು ಉಳಿದದ್ದನ್ನು ಅಲ್ಲಿ ಎಸೆಯಬೇಡಿ, ಅದನ್ನು ಹುಡುಕಿಕೊಂಡು ಬರುವ ನಾಯಿಗಳೇ ಆಮೇಲೆ ಗೂಡು ಕೆದಕುತ್ತವೆ.

ತಾಯಿ ಆಮೆ ಎದುರಾದರೆ ಇದ್ದಲ್ಲೇ ಕುಳಿತುಬಿಡಿ. ಮರಿಗಳು ದಾರಿ ತಪ್ಪುತ್ತಿದ್ದರೆ ಹತ್ತಿರದ ದೀಪ ಆರಿಸಿ, ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ. ಕನಿಕರದಿಂದ ಎತ್ತಿ ಅಲೆಗೆ ಎಸೆಯಬೇಡಿ. ತೆವಳಿ ಹೋಗುವ ಆ ನಾಲ್ಕು ಮಾರು ದೂರದಲ್ಲೇ ಮರಿಗೆ ದಿಕ್ಕು ಕೂಡಿಬರುತ್ತದೆ.