1959ರ ಮೂರು ಲೂನಾಗಳು: ತಪ್ಪಿದ್ದು, ಬಡಿದದ್ದು, ಬಳಸಿ ಬಂದದ್ದು

ಸ್ಪುಟ್ನಿಕ್ 1957, ಗಗಾರಿನ್ 1961, ಆರ್ಮ್‌ಸ್ಟ್ರಾಂಗ್ 1969. ಈ ಸಾಲು ನಮಗೆಲ್ಲ ಬಾಯಿಪಾಠ. ನಡುವಿನ 1959 ಮಾತ್ರ ಯಾವಾಗಲೂ ಕೈಜಾರುತ್ತದೆ. ಸೋವಿಯತ್ ಒಕ್ಕೂಟ ಲೂನಾ ಎಂಬ ಮೂರು ಮಾನವರಹಿತ ನೌಕೆಗಳನ್ನು ಚಂದ್ರನತ್ತ ಕಳಿಸಿದ ವರ್ಷ ಅದು. ನನ್ನ ಮಟ್ಟಿಗೆ ಚಂದ್ರನ ಕಥೆಯ ಸ್ವಾರಸ್ಯವೆಲ್ಲ ಅಲ್ಲೇ ಇದೆ.

ಮೊದಲು ಒಂದು ಸಣ್ಣ ಲೆಕ್ಕ. ಚಂದ್ರ ಸೆಕೆಂಡಿಗೆ ಸುಮಾರು 1 ಕಿ.ಮೀ. ಸಾಗುತ್ತಾನೆ. ಅವನ ವ್ಯಾಸ 3,474 ಕಿ.ಮೀ. ಗಂಟೆಗೆ 3,600 ಸೆಕೆಂಡು, ಅಂದರೆ ಒಂದು ಗಂಟೆಯೊಳಗೆ ತನ್ನ ಮೈಯಗಲಕ್ಕಿಂತ ಹೆಚ್ಚು ದೂರ ಸರಿದಿರುತ್ತಾನೆ. ನೌಕೆಯ ಪ್ರಯಾಣವೋ ಸುಮಾರು ಒಂದೂವರೆ ದಿನದ್ದು. ಕಣ್ಣಿಗೆ ಕಾಣುವ ಚಂದ್ರನಿಗೆ ಗುರಿಯಿಟ್ಟರೆ ಕೆಟ್ಟೆವು. ನಾಡಿದ್ದು ಅವನು ಇರುವ ಜಾಗಕ್ಕೆ ಇಡಬೇಕು.

ಚಂದ್ರನಿಗೆ ಬಡಿಯಲೆಂದು ಜನವರಿ 2ರಂದು ಹೊರಟ ಲೂನಾ 1 ಎಡವಿದ್ದು ಇಲ್ಲೇ. ರಾಕೆಟ್‌ನ ಮೇಲಿನ ಹಂತ ಉರಿದ ಸಮಯದಲ್ಲಿ ವ್ಯತ್ಯಾಸವಾಗಿ, ನೌಕೆ ಚಂದ್ರನಿಂದ ಸುಮಾರು 6,000 ಕಿ.ಮೀ. ದೂರದಲ್ಲಿ ಹಾದು ಸೂರ್ಯನನ್ನು ಸುತ್ತತೊಡಗಿತು. ಸೂರ್ಯನ ಸುತ್ತ ತಿರುಗಿದ ಮೊದಲ ಮಾನವನಿರ್ಮಿತ ವಸ್ತು ಅದೇ. ಹಾಗಾಗಿ ‘ವಿಫಲ’ ಎಂದಷ್ಟೇ ಹೇಳಿದರೆ ಅರ್ಧ ಸತ್ಯ. ಮಾರ್ಚ್‌ನಲ್ಲಿ ಅಮೆರಿಕದ ನೌಕೆ ಪಯೋನಿಯರ್ 4 ಹಾದುಹೋದದ್ದು ಸುಮಾರು 60,000 ಕಿ.ಮೀ. ಆಚೆ!

ಲೂನಾ 2 ನೇರ ಹೋಗಿ ಬಡಿಯಿತು. ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್ ರೇಡಿಯೋ ದೂರದರ್ಶಕದಲ್ಲಿ ಕೇಳುತ್ತಿದ್ದ ಅದರ ಸಂಕೇತ ಥಟ್ಟನೆ ನಿಂತಿತು, ಅದೇ ಸಾಕ್ಷಿ. ಕೆಲವು ಪುಸ್ತಕಗಳಲ್ಲಿ ಸೆಪ್ಟೆಂಬರ್ 13, ಕೆಲವದರಲ್ಲಿ 14 ಎಂದಿರುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಗ್ರೀನಿಚ್‌ನಲ್ಲಿ 13ರ ರಾತ್ರಿ 9 ದಾಟಿತ್ತು, ಮಾಸ್ಕೋದಲ್ಲಿ ಆಗಲೇ ತಾರೀಖು ಬದಲಾಗಿತ್ತು. ಜೊತೆಗೆ ಹೋಗಿದ್ದ ಸೋವಿಯತ್ ಲಾಂಛನದ ಗೋಳದ ಪ್ರತಿಯೊಂದನ್ನು ಸೋವಿಯತ್ ನಾಯಕ ಕ್ರುಶ್ಚೇವ್ 15ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಕೈಗೇ ಕೊಟ್ಟರು. ಉಡುಗೊರೆಯೋ, ಚುಚ್ಚುಮಾತೋ!

ನನಗೆ ಅಚ್ಚುಮೆಚ್ಚು ಲೂನಾ 3. ಸ್ಪುಟ್ನಿಕ್ ಹಾರಿ ಸರಿಯಾಗಿ ಎರಡು ವರ್ಷಕ್ಕೆ, ಅಕ್ಟೋಬರ್ 4ರಂದು ಹೊರಟಿತು. ಚಂದ್ರ ಭೂಮಿಯನ್ನು ಒಂದು ಸುತ್ತು ಬರುವಷ್ಟರಲ್ಲಿ ತಾನೂ ಒಂದೇ ಸುತ್ತು ತಿರುಗುವುದರಿಂದ ಅವನ ಬೆನ್ನು ನಮಗೆ ಕಾಣುವುದಿಲ್ಲ. (ಅದು ‘ಕತ್ತಲ ಬದಿ’ ಅಲ್ಲ, ಅಲ್ಲಿಗೂ ಬಿಸಿಲು ಬೀಳುತ್ತದೆ.) ನೌಕೆ ಚಂದ್ರನ ದಕ್ಷಿಣ ಧ್ರುವದ ಕಡೆಯಿಂದ ನುಗ್ಗಿತು; ಅವನ ಗುರುತ್ವವೇ ಅದರ ದಾರಿಯನ್ನು ಉತ್ತರಕ್ಕೆ ಬಾಗಿಸಿತು. ಮರಳುವಾಗ ಸೋವಿಯತ್ ನೆಲದ ಕೇಂದ್ರಗಳಿಗೆ ಸಿಗಲೆಂದೇ ಹೂಡಿದ್ದ ಉಪಾಯ ಅದು.

7ರಂದು ಸುಮಾರು 40 ನಿಮಿಷದಲ್ಲಿ 29 ಫೋಟೋ. ಆಗಿನ್ನೂ ಡಿಜಿಟಲ್ ಕ್ಯಾಮೆರಾ ಎಲ್ಲಿಯದು? ಸ್ಟುಡಿಯೋದ ಕತ್ತಲಕೋಣೆಯ ಕೆಲಸವೆಲ್ಲ ನೌಕೆಯೊಳಗೇ ನಡೆಯಿತು: ಫಿಲ್ಮ್ ತೊಳೆದು, ಒಣಗಿಸಿ, ಬೆಳಕಿನ ಚುಕ್ಕೆಯಿಂದ ಗೆರೆಗೆರೆಯಾಗಿ ಓದಿ, ರೇಡಿಯೋದಲ್ಲಿ ಕಳಿಸಿತು. ದೂರದಿಂದ ಬಂದದ್ದು ಮಸುಕು. ಭೂಮಿ ಹತ್ತಿರವಾದಂತೆ ಚಿತ್ರ ತಿಳಿಯಾಯಿತು. ನಮಗೆ ಕಾಣುವ ಮುಖದಲ್ಲಿರುವಂಥ ಕಪ್ಪು ‘ಸಮುದ್ರ’ಗಳು (ನೀರಲ್ಲ, ಹೆಪ್ಪುಗಟ್ಟಿದ ಲಾವಾ ಬಯಲುಗಳು) ಹಿಂಬದಿಯಲ್ಲಿ ತೀರಾ ಕಡಿಮೆ ಎಂದು ಗೊತ್ತಾದದ್ದೇ ಆಗ. ಇದ್ದವುಗಳಲ್ಲಿ ಒಂದಕ್ಕೆ ಮಾಸ್ಕೋ ಸಮುದ್ರ ಎಂದು ಹೆಸರಿಟ್ಟರು.

ವಿಕಿರಣ ತಾಳುವ ಆ ಫಿಲ್ಮ್ ಸೋವಿಯತ್ ಸರಕಲ್ಲ. ಅಮೆರಿಕ ಬೇಹುಗಾರಿಕೆಗೆಂದು ಹಾರಿಬಿಟ್ಟು, ಸೋವಿಯತ್ ಸೇನೆಯ ಕೈಗೆ ಸಿಕ್ಕ ಬಲೂನುಗಳಿಂದ ಬಿಚ್ಚಿಕೊಂಡದ್ದು.