ಮುಖಪುಟದ ಹೆಸರೇ ಸದ್ದು ಮಾಡಿದಾಗ

ಸಂಗೀತ ಪತ್ರಿಕೆಯ ಹೆಸರನ್ನು ಓದುವ ಮೊದಲೇ ಒಳಗೆ ಎಂಥ ಸಂಗೀತ ಇದೆ ಅಂತ ಎಷ್ಟೋ ಸಲ ಗೊತ್ತಾಗಿಬಿಡುತ್ತದೆ. ಅಕ್ಷರಗಳ ಆಕಾರ, ಬಣ್ಣ, ಓರೆಕೋರೆ ಎಲ್ಲವೂ ಮಾತಾಡುತ್ತವೆ. ಹಳೆಯ ಪತ್ರಿಕೆಗಳಿಗೆ ಇದರ ಅಗತ್ಯ ಅಷ್ಟಾಗಿ ಇರಲಿಲ್ಲ. 1923ರ ‘ಗ್ರಾಮಫೋನ್’, 1926ರ ‘ಮೆಲೊಡಿ ಮೇಕರ್’, 1934ರ ‘ಡೌನ್‌ಬೀಟ್’ ಇವುಗಳ ಹೆಸರಲ್ಲೇ ಸಂಗೀತ ಇತ್ತು, ಅಲ್ವಾ?

1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ‘ರೋಲಿಂಗ್ ಸ್ಟೋನ್’ ಬಂತು. ಅದರ ಹೆಸರನ್ನು ಬರೆದುಕೊಟ್ಟವರು ರಿಕ್ ಗ್ರಿಫಿನ್. ಆ ಊರಿನ ರಾಕ್ ಸಂಗೀತ ಕಛೇರಿಗಳಿಗೆ ಸೈಕೆಡೆಲಿಕ್ ಪೋಸ್ಟರ್, ಅಂದರೆ ಅಮಲಿನ ಕನಸಿನಂತೆ ಬಣ್ಣ ಅಕ್ಷರ ಬಳುಕುವ ಪೋಸ್ಟರ್ ಬರೆಯುತ್ತಿದ್ದ ಕಲಾವಿದ. ಗೋಡೆಯ ಮೇಲಿನ ಪೋಸ್ಟರಿನಲ್ಲಿ ಕಂಡ ಬಳುಕು ಪತ್ರಿಕೆಯ ನೆತ್ತಿಯ ಮೇಲೂ ಕಂಡಾಗ, ಇದು ನಮ್ಮದೇ ಅಂತ ಹುಡುಗರಿಗೆ ಅನಿಸಿತು. 1981ರಲ್ಲಿ ಅಕ್ಷರ ವಿನ್ಯಾಸಕ ಜಿಮ್ ಪಾರ್ಕಿನ್ಸನ್ ಆ ಅಕ್ಷರಗಳನ್ನು ತಿದ್ದಿ ಬರೆದರು, ಬಳುಕನ್ನು ಮಾತ್ರ ಬಿಡಲಿಲ್ಲ. ಒಂದು ಕಾಲದ ರುಚಿ ಹೀಗೆ ಒಂದು ಸಂಸ್ಥೆಯ ಗುರುತಾಯಿತು.

ಪಂಕ್ ಅನ್ನುವ ಒರಟು, ಸರಳ ರಾಕ್ ಸಂಗೀತ ಹಿಡಿದದ್ದು ಪೂರ್ತಿ ಬೇರೆ ದಾರಿ. 1976ರಲ್ಲಿ ಲಂಡನ್ನಿನ ಮಾರ್ಕ್ ಪೆರಿ ‘ಸ್ನಿಫಿನ್ ಗ್ಲೂ’ ಹೊರಡಿಸಿದರು. ಹೆಸರು ಕೈಬರಹದಲ್ಲಿ, ಒಳಗಿನ ಬರಹ ಟೈಪ್‌ರೈಟರಿನಲ್ಲಿ, ಪ್ರತಿಗಳು ಜೆರಾಕ್ಸ್. ಅಚ್ಚುಕಟ್ಟಿಲ್ಲದ ಆ ಅಕ್ಷರ ಹೇಳಿದ್ದು ಇಷ್ಟೇ: ನೀನೂ ಮಾಡಬಹುದು. ಪಂಕ್ ಹಾಡುಗಳೂ ಅದನ್ನೇ ಹೇಳುತ್ತಿದ್ದವು.

ನನ್ನ ಪ್ರಕಾರ ಈ ಕಲೆಯ ತುದಿ ‘ಕೆರಾಂಗ್!’. 1981ರಲ್ಲಿ ‘ಸೌಂಡ್ಸ್’ ಪತ್ರಿಕೆಯ ಪುರವಣಿಯಾಗಿ ಹುಟ್ಟಿದ್ದು. ಎಲೆಕ್ಟ್ರಿಕ್ ಗಿಟಾರಿನ ತಂತಿಗಳನ್ನು ಜೋರಾಗಿ ಮೀಟಿದಾಗ ಬರುವ ಸದ್ದೇ ಅದರ ಹೆಸರು. ಆ ಸದ್ದಿಗೆ ಸೀಳಿದಂತೆ ಅಕ್ಷರಗಳ ಮೈತುಂಬ ಒಡೆದ ಗಾಜಿನ ಬಿರುಕು. ಹೆವಿ ಮೆಟಲ್ ಕೇಳದವರಿಗೂ ಇದು ಜೋರು ಸಂಗೀತ ಅಂತ ತಿಳಿಯುತ್ತದೆ.

ಇನ್ನೊಂದು ಕಡೆ ಅಂಗಡಿಯ ಕಷ್ಟ ಇತ್ತು. ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ಪತ್ರಿಕೆ ಜೋಡಿಸಿದರೆ ಕಾಣುವುದು ಒಂದು ಅಂಚು ಮಾತ್ರ. ಅದಕ್ಕೇ ಚಿಕ್ಕ ಹೆಸರು, ಗಾಢ ಬಣ್ಣ, ಎಡ ಮೂಲೆ. 1986ರಲ್ಲಿ ಶುರುವಾದ ‘ಕ್ಯೂ’ಗೆ ಕೆಂಪು ಚೌಕದೊಳಗಿನ ಒಂದೇ ಅಕ್ಷರ ಸಾಕಾಯಿತು. 1997ರ ಹಿಪ್‌ಹಾಪ್ ಪತ್ರಿಕೆ ‘ಎಕ್ಸ್‌ಎಕ್ಸ್‌ಎಲ್’ ಕೂಡ ಕೆಂಪಿನ ಮೇಲೆ ಬಿಳಿಯನ್ನೇ ನೆಚ್ಚಿತು. ಬ್ರಿಟನ್ನಿನ ವಾರಪತ್ರಿಕೆ ‘ಎನ್‌ಎಂಇ’ಗೆ (ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್) ವಿನ್ಯಾಸಕ ಬಾರ್ನಿ ಬಬಲ್ಸ್ 1978ರಲ್ಲಿ ಬರೆದುಕೊಟ್ಟ ದಪ್ಪ ಮೂರಕ್ಷರ ಯಾವ ಸಂಗೀತ ಪ್ರಕಾರಕ್ಕೂ ಅಂಟಿಕೊಂಡಿರಲಿಲ್ಲ. ಫ್ಯಾಷನ್ ಬದಲಾದಾಗಲೂ ಪತ್ರಿಕೆಯ ಗುರುತು ಉಳಿಯುವುದು ಇಂಥ ಅಕ್ಷರದಿಂದ. ಆದರೆ ಸಂಗೀತದ ಸದ್ದು ಅದರಲ್ಲಿ ಕಡಿಮೆ ಅನ್ನುವುದು ನನ್ನ ತಕರಾರು.

1992ರ ‘ರೇ ಗನ್’ ಇದನ್ನೆಲ್ಲ ತಲೆಕೆಳಗು ಮಾಡಿತು. ವಿನ್ಯಾಸಕ ಡೇವಿಡ್ ಕಾರ್ಸನ್ ಪತ್ರಿಕೆಯ ಹೆಸರಿನ ರೂಪವನ್ನೇ ಮತ್ತೆ ಮತ್ತೆ ಬದಲಿಸಿದರು. ಬೇರೆಯವರು ಹೀಗೆ ಮಾಡಿದ್ದರೆ ಓದುಗರು ಕೈತಪ್ಪುತ್ತಿದ್ದರು. ಆದರೆ ಜನಪ್ರಿಯ ದಾರಿ ಬಿಟ್ಟು ನಡೆದ ಆಲ್ಟರ್ನೇಟಿವ್ ರಾಕ್ ಕೇಳುವ ಇದರ ಓದುಗರಿಗೆ ಆ ಬದಲಾವಣೆಯೇ ಗುರುತಾಯಿತು.

2018ರಲ್ಲಿ ‘ಎನ್‌ಎಂಇ’ಯ ವಾರದ ಮುದ್ರಣ ನಿಂತಿತು. 2020ರಲ್ಲಿ ‘ಕ್ಯೂ’ ಮುಚ್ಚಿತು. ಈಗ ಹೆಸರು ನಿಲ್ಲಬೇಕಾದದ್ದು ಫೋನಿನ ಸಣ್ಣ ಚಿತ್ರದಲ್ಲಿ. ಅಲ್ಲಿ ಉದ್ದದ ಬಳುಕಿಗೆ ಜಾಗ ಇಲ್ಲ. ‘ಕೆರಾಂಗ್!’ನ ಮೊದಲ ಅಕ್ಷರ ಮತ್ತು ಆಶ್ಚರ್ಯ ಚಿಹ್ನೆ ಮಾತ್ರ ಅಷ್ಟು ಇಕ್ಕಟ್ಟಿನಲ್ಲೂ ಕೂಗುತ್ತವೆ.