ಕಾರ್ಡ್ ಕಳಚುವಾಗ ಕರ್ನಲ್ ಏಕೆ ಬೀಳುತ್ತಿತ್ತು

ಚಾಲನೆಯಲ್ಲಿರುವ ಸರ್ವರಿನಿಂದ ಪಿಸಿಐ ಎಕ್ಸ್‌ಪ್ರೆಸ್ (ಪಿಸಿಐಇ) ಕಾರ್ಡನ್ನು, ಅಂದರೆ ಸ್ಲಾಟಿಗೆ ಸಿಕ್ಕಿಸುವ ಹೆಚ್ಚುವರಿ ಕಾರ್ಡನ್ನು, ತೆಗೆಯಬೇಕಾದಾಗ ಸ್ಲಾಟಿನ ಪಕ್ಕದ ಗುಂಡಿಯನ್ನು ಒತ್ತುತ್ತೇವೆ. ದೀಪ ಮಿನುಗತೊಡಗುತ್ತದೆ, 5 ಸೆಕೆಂಡಿನೊಳಗೆ ಮತ್ತೊಮ್ಮೆ ಒತ್ತಿದರೆ ಕೆಲಸ ರದ್ದಾಗುತ್ತದೆ, ಇಲ್ಲವಾದರೆ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಆ ಸಾಧನವನ್ನು ಬೇರ್ಪಡಿಸಿ ಸ್ಲಾಟಿನ ವಿದ್ಯುತ್ತನ್ನು ನಿಲ್ಲಿಸುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ಬಳಿಗೆ ಬಂದ ಒಂದು ಪ್ರಕರಣದಲ್ಲಿ ಆ 5 ಸೆಕೆಂಡು ಮುಗಿಯುತ್ತಿದ್ದಂತೆ ಕಾರ್ಡಿನ ಬದಲು ಇಡೀ ಯಂತ್ರವೇ ಬೀಳುತ್ತಿತ್ತು. ಅದು 2.6.32ರ ಕಾಲದ ಹಳೆಯ ಲಿನಕ್ಸ್ ಕರ್ನಲ್. ಕಾರ್ಡಿನೊಳಗೆ ಒಂದು ಪಿಸಿಐಇ ಸ್ವಿಚ್ (ಒಂದೇ ಸಂಪರ್ಕವನ್ನು ಹಲವು ಸಾಧನಗಳಿಗೆ ಹಂಚುವ ಚಿಪ್), ಅದರ ಕೆಳಗೆ ಎರಡು ಪೋರ್ಟಿನ ನೆಟ್‌ವರ್ಕ್ ಚಿಪ್ ಇತ್ತು. ವರ್ಚುವಲ್ ಫಂಕ್ಷನ್‌ಗಳನ್ನು (ಒಂದೇ ಪೋರ್ಟನ್ನು ಹಲವು ಸಾಧನಗಳಂತೆ ತೋರಿಸುವ ರೂಪಗಳನ್ನು) ಮೊದಲ ಪೋರ್ಟಿನಲ್ಲಿ ಮಾತ್ರ ತೆರೆದಿದ್ದರೆ ಏನೂ ಆಗುತ್ತಿರಲಿಲ್ಲ, ಎರಡನೆಯದರಲ್ಲಿ ತೆರೆದರೆ ಪ್ರತಿ ಸಲವೂ ಕ್ರ್ಯಾಶ್ ಆಗುತ್ತಿತ್ತು. ಹೀಗಾಗಿ ಎರಡನೆಯ ಪೋರ್ಟಿನ ಹಾರ್ಡ್‌ವೇರ್ ಕೆಟ್ಟಿದೆಯೆಂದು ಭಾವಿಸಿ ನನಗಿಂತ ಮೊದಲು ನೋಡಿದವರು ಕಾರ್ಡನ್ನೇ ಬದಲಾಯಿಸಿ ನೋಡಿದ್ದರು.

ಒಂದು ಸಾಧನವನ್ನು ಹಲವು ವರ್ಚುವಲ್ ಯಂತ್ರಗಳಿಗೆ ಹಂಚುವ ಎಸ್‌ಆರ್-ಐಒವಿ ವ್ಯವಸ್ಥೆಯಲ್ಲಿ ಒಂದು ಫಿಸಿಕಲ್ ಫಂಕ್ಷನ್, ಅಂದರೆ ಪಿಎಫ್ (ಇಲ್ಲಿ ಪೋರ್ಟಿಗೊಂದು), ತನ್ನಿಂದ ಹಲವು ವರ್ಚುವಲ್ ಫಂಕ್ಷನ್‌ಗಳನ್ನು, ಅಂದರೆ ವಿಎಫ್‌ಗಳನ್ನು ಹೊರಡಿಸುತ್ತದೆ. ಪ್ರತಿ ವಿಎಫ್ ಕರ್ನಲ್‌ಗೆ ಪ್ರತ್ಯೇಕ ಪಿಸಿಐ ಸಾಧನವಾಗಿಯೇ ಕಾಣುತ್ತದೆ. ಅದನ್ನು ನೇರವಾಗಿ ಒಂದು ವರ್ಚುವಲ್ ಯಂತ್ರದ ಕೈಗೆ ಕೊಡಬಹುದು. ಇಂಟೆಲ್‌ನ 82576 ಚಿಪ್ಪನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರಲ್ಲಿ ಮೊದಲ ವಿಎಫ್‌ನ ವಿಳಾಸ ಪಿಎಫ್‌ನಿಂದ 128 ಸ್ಥಾನ ಮುಂದಿರುತ್ತದೆ, ಆಮೇಲಿನವು ಎರಡೆರಡು ಸ್ಥಾನಗಳ ಅಂತರದಲ್ಲಿ ಬರುತ್ತವೆ. ವಿಳಾಸವನ್ನು ಬಸ್ಸು (ಸಾಧನಗಳು ಸೇರಿಕೊಂಡಿರುವ ಸಂಪರ್ಕದ ಹಾದಿ), ಸಾಧನ, ಫಂಕ್ಷನ್ ಎಂಬ ಕ್ರಮದಲ್ಲಿ ಹದಿನಾರರ ಎಣಿಕೆಯಲ್ಲಿ ಬರೆಯುತ್ತಾರೆ. ಆದ್ದರಿಂದ 04:00.0 ಎಂಬ ಪಿಎಫ್‌ನ ವಿಎಫ್‌ಗಳು 04:10.0, 04:10.2, 04:10.4 ಎಂದು ಸಾಗಿದರೆ, 04:00.1ರ ವಿಎಫ್‌ಗಳು 04:10.1ರಿಂದ ಆರಂಭವಾಗುತ್ತವೆ. ಇವೆಲ್ಲವೂ ಅದೇ ಬಸ್ಸಿನ ಮೇಲಿರುವುದರಿಂದ ಕರ್ನಲ್ ಇವನ್ನು ಅದೇ ಬಸ್ಸಿನ ಸಾಧನಗಳ ಪಟ್ಟಿಯ ಕೊನೆಗೆ ಸೇರಿಸುತ್ತಾ ಹೋಗುತ್ತದೆ. ದೋಷ ಅಡಗಿದ್ದುದು ಈ ಪಟ್ಟಿಯಲ್ಲಿ.

ಸ್ವಿಚ್ಚನ್ನು ತೆಗೆಯುವಾಗ ಕರ್ನಲ್ ಅದರ ಕೆಳಗಿನ ಬಸ್ಸಿನ ಪಟ್ಟಿಯನ್ನು ಮೊದಲಿನಿಂದ ಓದುತ್ತಾ ಒಂದೊಂದೇ ಸಾಧನವನ್ನು ನಿಲ್ಲಿಸುತ್ತಿತ್ತು. ಅದಕ್ಕೆ ಬಳಸಿದ್ದ ಲೂಪಿನ ಹೆಸರಿನಲ್ಲೇ ‘ಸೇಫ್’ ಎಂಬ ಪದವಿದೆ. ಆದರೆ ಆ ಸುರಕ್ಷತೆ ಬಹಳ ಸೀಮಿತವಾದುದು: ಈಗ ಕೈಯಲ್ಲಿರುವ ಸಾಧನ ಪಟ್ಟಿಯಿಂದ ಹೋದರೂ ದಾರಿ ತಪ್ಪದಿರಲೆಂದು ಅದು ಮುಂದಿನ ಸಾಧನದ ಪಾಯಿಂಟರನ್ನು (ಮೆಮೊರಿಯಲ್ಲಿ ಅದಿರುವ ಜಾಗದ ಗುರುತನ್ನು) ಮೊದಲೇ ತೆಗೆದಿಟ್ಟುಕೊಳ್ಳುತ್ತದೆ, ಅಷ್ಟೇ. ಆ ಮುಂದಿನ ಸಾಧನವೇ ಅಷ್ಟರಲ್ಲಿ ಇಲ್ಲವಾದರೆ ಏನು ಗತಿ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಪಿಎಫ್‌ನ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಹೊರಹೋಗುವಾಗ ಎಸ್‌ಆರ್-ಐಒವಿಯನ್ನು ಮುಚ್ಚುತ್ತದೆ, ಮುಚ್ಚುವಾಗ ತನ್ನ ಎಲ್ಲ ವಿಎಫ್‌ಗಳನ್ನೂ ಪಟ್ಟಿಯಿಂದ ಕಿತ್ತು ಅವುಗಳ ಮೆಮೊರಿಯನ್ನು ಬಿಡುಗಡೆ ಮಾಡುತ್ತದೆ.

ಎರಡನೆಯ ಪೋರ್ಟಿನ ರಹಸ್ಯವೂ ಇಲ್ಲೇ ಬಿಡಿಸಿಕೊಳ್ಳುತ್ತದೆ. 04:00.0 ನಿಲ್ಲುವಾಗ ಲೂಪು ಕಾದಿಟ್ಟುಕೊಂಡ ಪಾಯಿಂಟರ್ 04:00.1ರದ್ದು. ಮೊದಲ ಪಿಎಫ್ ತನ್ನ ವಿಎಫ್‌ಗಳನ್ನು ಕಿತ್ತರೂ ಎರಡನೆಯ ಪಿಎಫ್ ಅಲ್ಲೇ ಇರುವುದರಿಂದ ತೊಂದರೆಯಿಲ್ಲ. ಆದರೆ 04:00.1ರ ಸರದಿ ಬಂದಾಗ ಮುಂದೆ ಉಳಿದಿರುವುದು ಅದರದೇ ವಿಎಫ್, 04:10.1. ಪಿಎಫ್ ನಿಂತು ಮುಗಿಯುವಷ್ಟರಲ್ಲಿ ಆ ವಿಎಫ್ ಇರುವುದಿಲ್ಲ. ಲೂಪು ಮಾತ್ರ ಅದು ಇದ್ದ ಜಾಗಕ್ಕೇ ಕಾಲಿಡುತ್ತದೆ. ಬಿಡುಗಡೆಯಾದ ಮೆಮೊರಿಯಲ್ಲಿ ಆ ಕ್ಷಣಕ್ಕೆ ಏನಿರುತ್ತದೆಯೋ ಅದರ ಮೇಲೆ ಕ್ರ್ಯಾಶಿನ ರೂಪ ಬದಲಾಗುತ್ತದೆ, ಹಾಗಾಗಿ ಎರಡು ಲಾಗ್‌ಗಳು ಒಂದೇ ರೀತಿ ಕಾಣುವುದಿಲ್ಲ. ಬಿಡುಗಡೆಯಾದ ಮೆಮೊರಿಯನ್ನು ಗುರುತು ತುಂಬಿಸಿಡುವ ಸ್ಲ್ಯಾಬ್ ಡೀಬಗ್ ಆಯ್ಕೆಯೊಂದಿಗೆ ಯಂತ್ರವನ್ನು ಬೂಟ್ ಮಾಡಿ ನಾನು ಮತ್ತೆ ಗುಂಡಿ ಒತ್ತಿದೆ. ಈ ಸಲ ಲಾಗ್‌ನಲ್ಲಿ ದಾಖಲಾದ ಪ್ರೊಸೆಸರಿನ ರಿಜಿಸ್ಟರೊಂದರಲ್ಲಿ 6ಬಿ ಎಂಬ ಒಂದೇ ಬೈಟ್ ಸಾಲಾಗಿ ಎಂಟು ಬಾರಿ ಕಾಣಿಸಿತು. ಅದು ಬಿಟ್ಟುಕೊಟ್ಟ ಮೆಮೊರಿಗೆ ಕರ್ನಲ್ ಬಳಿಯುವ ಗುರುತು. ಹಾರ್ಡ್‌ವೇರಿನ ಮೇಲಿದ್ದ ಅನುಮಾನ ಆ ಒಂದು ಸಾಲಿನಿಂದ ಹೋಯಿತು.

ಇದಕ್ಕೆ ಮುಖ್ಯ ಕರ್ನಲ್‌ನಲ್ಲಿ 2012ರಲ್ಲೇ ಪರಿಹಾರ ಸೇರಿತ್ತು, ಅದನ್ನು ಹಳೆಯ ಕರ್ನಲ್‌ಗೆ ತಂದರೆ ಸಾಕಿತ್ತು. ತಿದ್ದುಪಡಿಯ ತಿರುಳು ಇಷ್ಟೇ: ಪಟ್ಟಿಯನ್ನು ಕೊನೆಯಿಂದ ಮೊದಲಿಗೆ ಓದುವುದು. ವಿಎಫ್‌ಗಳು ಯಾವಾಗಲೂ ಪಿಎಫ್ ಬಂದ ನಂತರವೇ ಸೇರುವುದರಿಂದ ಹಿಮ್ಮುಖವಾಗಿ ನಡೆದಾಗ ಅವು ಮೊದಲು ನಿಲ್ಲುತ್ತವೆ. ಪಿಎಫ್‌ನ ಸರದಿಯಲ್ಲಿ ಲೂಪಿನ ಕೈಯಲ್ಲಿರುವುದು ಅದಕ್ಕಿಂತ ಹಿಂದಿನ ಸಾಧನದ ಪಾಯಿಂಟರ್, ಮತ್ತು ಪಿಎಫ್ ಕಿತ್ತುಹಾಕುವುದೆಲ್ಲ ನಾವು ಆಗಲೇ ದಾಟಿ ಬಂದ ಭಾಗದಲ್ಲಿರುತ್ತದೆ. ಪ್ರತಿ ಸಾಧನ ನಿಂತ ಮೇಲೂ ಪಟ್ಟಿಯನ್ನು ಹೊಸದಾಗಿ ಓದಬಹುದಿತ್ತಲ್ಲ ಎಂದು ಕಿರಿಯ ಸಹೋದ್ಯೋಗಿಯೊಬ್ಬರು ಕೇಳಿದ್ದರು. ಹಾಗೆ ಮಾಡಿದರೂ ಕ್ರ್ಯಾಶ್ ತಪ್ಪೀತು, ಆದರೆ ಹಿಮ್ಮುಖ ನಡಿಗೆಯೇ ಮೇಲೆಂಬುದು ನನ್ನ ದೃಢ ಅಭಿಪ್ರಾಯ. ಇಂಥ ಚಿಪ್ಪುಗಳಲ್ಲಿ ವಿಎಫ್‌ನ ಡ್ರೈವರ್ ತನ್ನನ್ನು ಮುಚ್ಚಿಕೊಳ್ಳುವಾಗ ಪಿಎಫ್‌ಗೆ ಮೇಲ್‌ಬಾಕ್ಸ್ ಮೂಲಕ ಸಂದೇಶ ಕಳುಹಿಸುತ್ತದೆ. ಆ ಸಂದೇಶಕ್ಕೆ ಉತ್ತರಿಸಲು ಪಿಎಫ್ ಆಗ ಇನ್ನೂ ಜೀವಂತವಾಗಿರಬೇಕು.

ಈ ತಿದ್ದುಪಡಿ ಒಂದೇ ಥ್ರೆಡ್ಡಿನೊಳಗಿನ (ಕರ್ನಲ್‌ನಲ್ಲಿ ಸಾಗುವ ಒಂದೇ ಕೆಲಸದ ಎಳೆಯೊಳಗಿನ) ತಪ್ಪನ್ನು ಮಾತ್ರ ಸರಿಪಡಿಸುತ್ತದೆಂಬುದನ್ನು ಮರೆಯಬಾರದು. ಒಬ್ಬರು ಗುಂಡಿ ಒತ್ತುವ ಹೊತ್ತಿಗೆ ಇನ್ನೊಬ್ಬರು ವಿಎಫ್‌ಗಳ ಸಂಖ್ಯೆಯನ್ನು ಸೊನ್ನೆ ಮಾಡುತ್ತಿದ್ದರೆ ಎರಡು ಥ್ರೆಡ್‌ಗಳು ಒಂದೇ ಪಟ್ಟಿಗೆ ಕೈಹಾಕುತ್ತವೆ. ಸಾಧನಗಳನ್ನು ಹುಡುಕುವ ಮತ್ತು ತೆಗೆಯುವ ಕೆಲಸಗಳಿಗೆಲ್ಲ ಸೇರಿ ಒಂದೇ ಲಾಕ್ (ಒಂದು ಸಲಕ್ಕೆ ಒಂದೇ ಥ್ರೆಡ್ಡನ್ನು ಬಿಡುವ ಬೀಗ) 2014ರಲ್ಲಿ ಬಂದಿತು. ಅದನ್ನು ವಿಎಫ್ ಮುಚ್ಚುವ ದಾರಿಗೂ ಹಾಕಿಬಿಡೋಣವೆಂದು ತೋರುವುದು ಸಹಜ. ಆದರೆ ಗುಂಡಿಯ ದಾರಿಯಲ್ಲಿ ಬಂದ ಥ್ರೆಡ್ ಆ ಲಾಕನ್ನು ಆಗಲೇ ಹಿಡಿದಿರುತ್ತದೆ. ಪಿಎಫ್‌ನ ಡ್ರೈವರ್ ಮೂಲಕ ಮತ್ತೆ ಅದನ್ನೇ ಕೇಳಿದರೆ ತನಗಾಗಿ ತಾನೇ ಕಾಯುತ್ತಾ ನಿಂತುಬಿಡುತ್ತದೆ. ಎಲ್ಲಿಂದ ಕರೆ ಬಂದಿದೆಯೆಂದು ತಿಳಿಯದೆ ಇಲ್ಲಿ ಲಾಕ್ ಸೇರಿಸಲಾಗದು.

ಡೇಟಾ ಸೆಂಟರಿನಲ್ಲಿ ಈ ಕೆಲಸ ಮಾಡುವವರು ಗುಂಡಿಗೆ ಕೈಹಾಕುವ ಮೊದಲು ವಿಎಫ್‌ಗಳನ್ನು ವರ್ಚುವಲ್ ಯಂತ್ರಗಳಿಂದ ಬಿಡಿಸಿಕೊಳ್ಳಬೇಕು, ಆಮೇಲೆ ಪ್ರತಿ ಪಿಎಫ್‌ನ ವಿಎಫ್ ಸಂಖ್ಯೆಯನ್ನು ಸೊನ್ನೆ ಮಾಡಬೇಕು. ವಿಎಫ್ ಅತಿಥಿ ಯಂತ್ರದ, ಅಂದರೆ ಆ ವರ್ಚುವಲ್ ಯಂತ್ರದ ಕೈಯಲ್ಲೇ ಉಳಿದಿದ್ದರೆ ಕೆಲವು ಡ್ರೈವರುಗಳು ಎಚ್ಚರಿಕೆ ಬರೆದು ಅದನ್ನು ಹಾಗೆಯೇ ಬಿಟ್ಟು ಹೋಗುತ್ತವೆ. ಸಾಧನವನ್ನು ಅತಿಥಿಗೆ ಒಪ್ಪಿಸುವ ವಿಎಫ್‌ಐಒ ವ್ಯವಸ್ಥೆಯನ್ನು ಬಳಸಿದ್ದರೆ ಅತಿಥಿ ಬಿಡುವವರೆಗೆ ತೆಗೆಯುವ ಕೆಲಸವೇ ನಿಂತು ಕಾಯುತ್ತದೆ. ಕರ್ನಲ್ ಸಿದ್ಧಪಡಿಸುವವರು ಮೊದಲ ಪೋರ್ಟಿನಲ್ಲಿ ಮಾತ್ರ, ಎರಡನೆಯದರಲ್ಲಿ ಮಾತ್ರ, ಎರಡರಲ್ಲೂ ಎಂಬ ಮೂರೂ ಸ್ಥಿತಿಗಳಲ್ಲಿ ವಿಎಫ್ ತೆರೆದು, ಸ್ಲ್ಯಾಬ್ ಡೀಬಗ್ ಹಾಕಿಯೇ ಕಾರ್ಡನ್ನು ಕಳಚಿ ನೋಡಬೇಕು.